ಸ್ಪಷ್ಟನೆ: ಉಪ್ಪು ಬಿಡಿಸಿದರೆ ಗರ್ಭಿಣಿಯ ಬಿಪಿ ಕಾಯಿಲೆ ವಾಸಿಯಾಗದು
ಯಾದಗಿರಿ, ಶಹಾಪುರ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶವಿದು: "ಗರ್ಭಿಣಿಗೆ ಬಿಪಿ ಏರಿ ಮುಖ ಬಾತರೆ ಉಪ್ಪು ಬಿಡಿಸಿ, ಸಾಕು. ಆಸ್ಪತ್ರೆಯ ಮ್ಯಾಗ್ನೀಸಿಯಂ ಇಂಜೆಕ್ಷನ್ ಮಗುವಿಗೆ ಅಪಾಯ, ಬೇಡವೆನ್ನಿ."

ಎರಡೂ ತಪ್ಪು. ಎರಡನೆಯದಂತೂ ಜೀವಕ್ಕೇ ಎರವಾಗುವ ಮಾತು.

ಸಾಮಾನ್ಯವಾಗಿ 20 ವಾರಗಳ ನಂತರ ಕಾಣಿಸಿಕೊಳ್ಳುವ ಈ ಕಾಯಿಲೆಯ ಹೆಸರು ಪ್ರಿಎಕ್ಲಾಂಪ್ಸಿಯಾ. ರಕ್ತದೊತ್ತಡ 160/110 ಮುಟ್ಟಿದರೆ ತೀವ್ರವೆಂದು ಎಣಿಸುತ್ತಾರೆ. ಮೂಲ ತೊಂದರೆ ಇರುವುದು ಮಾಸಿನ ರಕ್ತಪೂರೈಕೆಯಲ್ಲಿ. ಉಪ್ಪು ಬಿಟ್ಟರೆ ಅದು ಸರಿಹೋಗುವುದಿಲ್ಲ. ಹೊಟ್ಟೆಯಲ್ಲಿರುವ ಮಗುವೂ ಸೊರಗಬಹುದು, ಅವಧಿಗೆ ಮುನ್ನ ಹೆರಿಗೆ ಮಾಡಿಸಬೇಕಾಗಬಹುದು.

ಈ ಕಾಯಿಲೆ ಉಲ್ಬಣಿಸಿದರೆ ತಾಯಿಗೆ ಫಿಟ್ಸ್ ಬರಬಹುದು. ಮ್ಯಾಗ್ನೀಸಿಯಂ ಸಲ್ಫೇಟ್ ಅದನ್ನು ತಡೆಯುವ ಔಷಧ. 33 ದೇಶಗಳ ಸುಮಾರು 10,000 ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಫಿಟ್ಸ್ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಶಿಶುಗಳ ಸಾವು ಹೆಚ್ಚಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ನರ್ಸ್ ಮೊಣಕಾಲು ತಟ್ಟಿ ನೋಡುವುದು, ಮೂತ್ರ ಅಳೆಯುವುದು ಔಷಧ ಮಿತಿಮೀರದಿರಲೆಂದು. ದಯವಿಟ್ಟು ಅದನ್ನು ಕಂಡು ಗಾಬರಿಯಾಗಬೇಡಿ.

ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಹೆರಿಗೆಯಾದ ಮೇಲೂ ಫಿಟ್ಸ್ ಬರಬಹುದು. ಬಾಣಂತಿಗೆ ಇವೇ ಲಕ್ಷಣಗಳಿದ್ದರೆ ಬೆಳಗಾಗಲೆಂದು ಕಾಯಬೇಡಿ.