ಕುರ್ಚಿ ಕಿತ್ತಾಟ ಮತ್ತು ಒಂದು ಬಾಟಲಿ ನೀರು

ನಮ್ಮ ಸಭೆಗೆ ನನ್ನನ್ನು ಮಾಧ್ಯಮ ಉಸ್ತುವಾರಿ ಮಾಡಿದರು. ಅರ್ಹತೆ ಏನು ಅಂತ ಕೇಳಬೇಡಿ. ಸಮಿತಿಯ ಹನ್ನೊಂದು ಜನರಲ್ಲಿ ದಿನಾ ಪೇಪರ್ ಓದುವವನು ನಾನೊಬ್ಬನೇ ಎಂಬುದು ಹೇಗೋ ಬಯಲಾಗಿತ್ತು, ಅಷ್ಟೇ. ನಮ್ಮದೇನು ದೊಡ್ಡ ಪಕ್ಷವಲ್ಲ. ಬಾವುಟವಿಲ್ಲ, ಚಿಹ್ನೆಯಿಲ್ಲ, ಹೈಕಮಾಂಡ್ ಅಂತೂ ಇಲ್ಲವೇ ಇಲ್ಲ. ನಲ್ಲಿಯಲ್ಲಿ ಕಂದು ನೀರು ಬರುತ್ತಿದೆ, ಚರಂಡಿ ಪೈಪಿಗೂ ಕುಡಿಯುವ ನೀರಿನ ಪೈಪಿಗೂ ನೆಲದಡಿಯಲ್ಲಿ ಎಲ್ಲೋ ನಂಟಸ್ತನ ಬೆಳೆದಿದೆ, ಅದನ್ನು ಬಿಡಿಸದವರಿಗೆ ಮುಂದಿನ ಸಲ ಓಟಿಲ್ಲ. ಇಷ್ಟು ಹೇಳುವುದಕ್ಕೆ ನಾಲ್ಕು ಬೀದಿಯ ಜನ ಒಂದು ಭಾನುವಾರ ಮೈದಾನದಲ್ಲಿ ಸೇರುವುದು ಅಂತ ತೀರ್ಮಾನವಾಗಿತ್ತು. ಇದಕ್ಕಿಂತ ಸೀದಾ ರಾಜಕೀಯ ಇನ್ನೊಂದಿಲ್ಲ ಅಂದುಕೊಂಡಿದ್ದೆ. ಇದಕ್ಕಿಂತ ಸಪ್ಪೆ ಸುದ್ದಿಯೂ ಇನ್ನೊಂದಿಲ್ಲ ಅಂತ ಆಮೇಲೆ ತಿಳಿಯಿತು.

ಎರಡು ಪುಟದ ಪ್ರೆಸ್ ನೋಟ್ ಬರೆದೆ. ಯಾವ ತಾರೀಖಿಗೆ ಯಾರಿಗೆ ಅರ್ಜಿ ಕೊಟ್ಟೆವು, ಅದು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಿ ಎಲ್ಲಿ ಮಲಗಿತು, ನೀರು ಪರೀಕ್ಷೆ ಮಾಡಿಸಿದ ವರದಿ ಏನು ಹೇಳುತ್ತದೆ, ಎಲ್ಲ ಒಪ್ಪವಾಗಿ ಜೋಡಿಸಿ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಒಂದು ಚಾನೆಲ್ಲಿನ ಡೆಸ್ಕಿಗೆ ಫೋನ್ ಮಾಡಿದೆ.

"ಸರ್, ಭಾನುವಾರ ನಮ್ಮ ಸಭೆ ಇದೆ, ಕುಡಿಯೋ ನೀರಿನ ಬಗ್ಗೆ..."

"ಗೆಸ್ಟ್ ಯಾರು?"

"ಗೆಸ್ಟ್ ಇಲ್ಲ ಸರ್. ಜನರೇ ಮಾತಾಡ್ತಾರೆ."

ಆ ಕಡೆ ಒಂದು ಕ್ಷಣ ಮೌನ. "ಯಾವ ಜನರು?"

ಇದಕ್ಕೆ ಏನು ಉತ್ತರ ಕೊಡುವುದೋ ನನಗೆ ಇವತ್ತಿಗೂ ಹೊಳೆದಿಲ್ಲ. ಆತನೇ ಮುಂದುವರಿಸಿದ.

"ರಸ್ತೆ ತಡೆ ಇದೆಯಾ?"

"ಇಲ್ಲ ಸರ್, ಮೈದಾನಕ್ಕೆ ಪರ್ಮಿಷನ್ ತಗೊಂಡಿದ್ದೀವಿ."

"ಪ್ರತಿಕೃತಿ ದಹನ?"

"ಇಲ್ಲ."

"ವಿಷುವಲ್ಸೇ ಇಲ್ವಲ್ರೀ ನಿಮ್ಮತ್ರ. ಸರಿ, ಮುಗಿದ ಮೇಲೆ ಎರಡು ಫೋಟೊ ವಾಟ್ಸ್ಯಾಪ್ ಮಾಡಿ. ಜಾಗ ಇದ್ರೆ ನೋಡೋಣ."

ಆತನ ಮೇಲೆ ನನಗೆ ಸಿಟ್ಟಿಲ್ಲ. ಯಾವುದು ಸುದ್ದಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂದು ನಾರ್ವೆಯ ಸಂಶೋಧಕರಾದ ಯೋಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ 1965ರಲ್ಲೇ ಕೂತು ಲೆಕ್ಕ ಹಾಕಿ 12 ಅಂಶಗಳನ್ನು ಪಟ್ಟಿ ಮಾಡಿದ್ದರು. ದೊಡ್ಡ ದೇಶ ಇರಬೇಕು, ದೊಡ್ಡ ಮನುಷ್ಯ ಇರಬೇಕು, ಕೆಟ್ಟದ್ದಾಗಬೇಕು, ಯಾರೂ ಎಣಿಸದ ಹಾಗೆ ಆಗಬೇಕು, ಹೀಗೆ ಸಾಗುತ್ತದೆ ಪಟ್ಟಿ. ನಮ್ಮ ನೀರು ಮೂರು ತಿಂಗಳಿಂದ ದಿನಾ ಒಂದೇ ಬಣ್ಣದಲ್ಲಿ ಬರುತ್ತಿತ್ತು. ಎಣಿಸಿದ್ದಕ್ಕಿಂತ ಒಂದು ಛಾಯೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಡೆಸ್ಕಿನ ಆ ಪುಣ್ಯಾತ್ಮ ಗಾಲ್ಟುಂಗರನ್ನು ಓದಿರಲಾರ. ಓದದೆಯೇ ಬಾಯಿಪಾಠವಾಗಿತ್ತು.

ಅವತ್ತು ರಾತ್ರಿ ತುರ್ತು ಸಭೆ ಕರೆದೆವು. ವಿಷಯ: ಮಾಧ್ಯಮವನ್ನು ಬರಮಾಡಿಕೊಳ್ಳುವುದು ಹೇಗೆ. ಗಮನಿಸಿ, ನೀರಿನ ವಿಷಯ ಅಂದಿನ ಚರ್ಚೆಯಲ್ಲಿ ಒಂದು ಸಲವೂ ಬರಲಿಲ್ಲ.

ನಿವೃತ್ತ ಮೇಷ್ಟ್ರು ಮೊದಲು ಎದ್ದರು. "ಗಾಂಧೀಜಿ ದಂಡಿಗೆ ರೈಲಿನಲ್ಲಿ ಹೋಗಬಹುದಿತ್ತು. ಯಾಕೆ ಹೋಗಲಿಲ್ಲ, ಹೇಳಿ?" ಯಾರೂ ಹೇಳಲಿಲ್ಲ, ಅವರೇ ಹೇಳಿದರು. 1930ರ ಮಾರ್ಚ್ 12ಕ್ಕೆ 78 ಜನರನ್ನು ಕಟ್ಟಿಕೊಂಡು ಸಾಬರಮತಿಯಿಂದ ಹೊರಟವರು ಉಪ್ಪು ಎತ್ತಿದ್ದು ಏಪ್ರಿಲ್ 6ಕ್ಕೆ. ರೈಲಿನಲ್ಲಿ ಹೋಗಿ ಎತ್ತಿದ್ದರೆ ಒಂದು ದಿನದ ಸುದ್ದಿ, ನಡೆದದ್ದರಿಂದ ದಿನಕ್ಕೊಂದು ಸುದ್ದಿ. ಹೊರಡುವ ಮೊದಲೇ ವೈಸರಾಯ್‌ಗೆ ಪತ್ರ ಬರೆದು ತಿಳಿಸಿದ್ದರಂತೆ. "ಅದೇ ಮೊದಲ ಪ್ರೆಸ್ ನೋಟ್ ಅಂತಿಟ್ಟುಕೊಳ್ಳಿ" ಅಂದರು ಮೇಷ್ಟ್ರು. ಆಮೇಲೆ ದನಿ ಸ್ವಲ್ಪ ತಗ್ಗಿಸಿದರು. ಮೇ 21ಕ್ಕೆ ಧಾರಾಸಣದ ಉಪ್ಪಿನ ಕೋಠಿಯೆದುರು ಸತ್ಯಾಗ್ರಹಿಗಳು ಸಾಲಾಗಿ ಹೋಗಿ, ಕೈ ಎತ್ತಿ ತಡೆಯದೆ, ಲಾಠಿಗೆ ತಲೆ ಕೊಟ್ಟರು. ಅದನ್ನು ಕಣ್ಣಾರೆ ಕಂಡ ಅಮೆರಿಕದ ವರದಿಗಾರ ವೆಬ್ ಮಿಲ್ಲರ್ ಕಳಿಸಿದ ಸುದ್ದಿ 1,350 ಪತ್ರಿಕೆಗಳಲ್ಲಿ ಬಂತು. ಉಪ್ಪು ಎತ್ತಲು ಕಾಲು ಸವೆಸಿದರೆ ಸಾಕಾಗಿತ್ತು, ಜಗತ್ತು ತಿರುಗಿ ನೋಡಲು ತಲೆಯೂ ಒಡೆಯಬೇಕಾಯಿತು.

ಸಮಿತಿಯವರೆಲ್ಲ ಒಬ್ಬರ ತಲೆ ಒಬ್ಬರು ನೋಡಿಕೊಂಡೆವು. ಬೋಳಾದವರು ಸ್ವಲ್ಪ ಹಿಂದೆ ಸರಿದು ಕೂತರು.

ನಮ್ಮಲ್ಲೊಬ್ಬ ಹುಡುಗ, ಸದಾ ಫೋನಿನಲ್ಲೇ ಇರುವವನು, ಹೊಸ ಕಾಲದ ಉದಾಹರಣೆ ತಂದ. 2017ರಲ್ಲಿ ತಮಿಳುನಾಡಿನ ರೈತರು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತಿದ್ದರಲ್ಲ, ಬರಗಾಲದ ಪರಿಹಾರ, ಸಾಲ ಮನ್ನಾ ಅಂತ. ಬರೀ ಕೂತಿದ್ದರೆ ಯಾರು ತಿರುಗಿ ನೋಡುತ್ತಿದ್ದರು? ತಲೆಬುರುಡೆ ತಂದಿಟ್ಟುಕೊಂಡರು, ಇಲಿಯನ್ನು ಹಲ್ಲಲ್ಲಿ ಕಚ್ಚಿಕೊಂಡರು, ಆಗ ಕ್ಯಾಮೆರಾ ಬಂದವು. ಮರುವರ್ಷ ಮಾರ್ಚ್‌ನಲ್ಲಿ ಸಾವಿರಾರು ರೈತರು ನಾಸಿಕ್‌ನಿಂದ ಮುಂಬೈಗೆ ಸುಮಾರು 180 ಕಿಲೋಮೀಟರ್ ನಡೆದರು. ಪರೀಕ್ಷೆ ಬರೆಯುವ ಮಕ್ಕಳಿಗೆ ತೊಂದರೆಯಾಗದಿರಲಿ ಅಂತ ಕೊನೆಯ ದಾರಿಯನ್ನು ರಾತ್ರಿಯೇ ನಡೆದು ಮುಗಿಸಿದರು. ಚರ್ಮ ಕಿತ್ತುಬಂದ ಅವರ ಪಾದಗಳ ಫೋಟೊ ಎಲ್ಲರ ಫೋನಿಗೂ ಬಂತು. "ಅವರು ಕೇಳಿದ್ದೇನು ಗೊತ್ತಾ ಯಾರಿಗಾದ್ರೂ?" ಅಂತ ಮೇಷ್ಟ್ರು ಕೇಳಿದರು. ಹುಡುಗ ಫೋನ್ ತೆಗೆದು ಹುಡುಕತೊಡಗಿದ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಸರಿಯಾಗಿ ಜಾರಿ ಮಾಡಿ ಎಂಬುದೂ ಅದರಲ್ಲೊಂದು ಅಂತ ಅವನಿಗೆ ಸಿಗುವಷ್ಟರಲ್ಲಿ ಮೇಷ್ಟ್ರಿಗೆ ತೂಕಡಿಕೆ ಬಂದಿತ್ತು. ಗುಳ್ಳೆ ಎಲ್ಲರಿಗೂ ನೆನಪಿದೆ, ಕಾಯ್ದೆಗೆ ಗುಳ್ಳೆ ಏಳುವುದಿಲ್ಲವಲ್ಲ.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಂತ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. 2011ರ ಸೆಪ್ಟೆಂಬರ್ 17ರಂದು ನ್ಯೂಯಾರ್ಕ್‌ನ ಜುಕೋಟಿ ಪಾರ್ಕ್‌ನಲ್ಲಿ ಒಂದಷ್ಟು ಜನ ಬಂದು ಠಿಕಾಣಿ ಹೂಡಿದರು. ಬ್ಯಾಂಕುಗಳ ಬಗ್ಗೆ, ಶೇ 1ರಷ್ಟು ಸಿರಿವಂತರು ಮತ್ತು ಉಳಿದ ಶೇ 99ರಷ್ಟು ಜನರ ಬಗ್ಗೆ ಮಾತಾಡುತ್ತ ಕೂತರು. ಒಂದು ವಾರ ಕಳೆದು ಪೊಲೀಸ್ ಅಧಿಕಾರಿಯೊಬ್ಬ ಕೆಲವು ಹೆಣ್ಣುಮಕ್ಕಳ ಮುಖಕ್ಕೆ ಪೆಪ್ಪರ್ ಸ್ಪ್ರೇ ಹೊಡೆದ ವಿಡಿಯೊ ಹರಿದಾಡಿತು. ಮತ್ತೊಂದು ವಾರಕ್ಕೆ ಬ್ರೂಕ್ಲಿನ್ ಸೇತುವೆ ಮೇಲೆ 700ಕ್ಕೂ ಹೆಚ್ಚು ಜನರ ಬಂಧನವಾಯಿತು. ಆಗ ನೋಡಿ, ಸುದ್ದಿಮನೆಗಳಿಗೆ ಆರ್ಥಿಕ ಅಸಮಾನತೆಯಲ್ಲಿ ಆಸಕ್ತಿ ಹುಟ್ಟಿತು. ಚಳವಳಿಯ ಪ್ರಚಾರಕ್ಕೆ ಪೊಲೀಸರಷ್ಟು ದುಡಿದವರು ಬೇರೆ ಯಾರೂ ಇಲ್ಲ, ಅದೂ ಪುಕ್ಕಟೆ.

ಹಾಗಾದರೆ ನಾವೇನು ಮಾಡುವುದು? ಟ್ಯಾಂಕ್ ಹತ್ತೋಣ ಅಂದ ಒಬ್ಬ. ನೀರಿನ ಸಮಸ್ಯೆ, ನೀರಿನ ಟ್ಯಾಂಕ್, ಹೊಂದುತ್ತದೆ. ಎಲ್ಲರಿಗೂ ಹಿಡಿಸಿತು. ಹತ್ತುವವರು ಯಾರು ಎಂಬಲ್ಲಿಗೆ ಬಂದು ನಿಂತಿತು. ನಮ್ಮ ಸಮಿತಿಯ ಸರಾಸರಿ ವಯಸ್ಸು ಐವತ್ತೆಂಟು, ಮಂಡಿಗಳ ವಯಸ್ಸು ಅದಕ್ಕೂ ಜಾಸ್ತಿ. ಹತ್ತಿದರೆ ಚಾನೆಲ್ ಬರುತ್ತದೆ ಖರೆ, ಅವರು ಬರುವ ತನಕ ಮೇಲೇ ಇರಬೇಕು, ಬಂದು ಹೋದ ಮೇಲೆ ಇಳಿಸುವವರು ಯಾರು? ಇನ್ನೊಬ್ಬರು ಕ್ಯಾಮೆರಾ ಎದುರು ಆ ಕಂದು ನೀರನ್ನೇ ಗಟಗಟ ಕುಡಿಯುವ ಸಲಹೆ ಕೊಟ್ಟರು. ನಾವು ದಿನಾ ಕುಡಿಯುತ್ತಿರುವುದು ಅದನ್ನೇ ಅಲ್ಲವೇ ಅಂತ ಅಧ್ಯಕ್ಷರು ನೆನಪಿಸಿದ ಮೇಲೆ ಅದರಲ್ಲಿ ಸುದ್ದಿಮೌಲ್ಯವಿಲ್ಲ ಅಂತ ಕೈಬಿಟ್ಟೆವು.

ಕೊನೆಗೆ ಉಳಿದದ್ದು ಸಂಖ್ಯೆ. ಎಷ್ಟು ಜನ ಸೇರುತ್ತಾರೆ ಅಂತ ಬರೆಯುವುದು?

ಈ ಜನ ಎಣಿಸುವ ವಿದ್ಯೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತಿದ್ದ ಹರ್ಬರ್ಟ್ ಜೇಕಬ್ಸ್ ಎಂಬವರು ತಮ್ಮ ಕಚೇರಿಯ ಕಿಟಕಿಯಿಂದ ವಿದ್ಯಾರ್ಥಿಗಳ ಪ್ರತಿಭಟನೆ ನೋಡುತ್ತಿದ್ದಾಗ, ಅಂಗಳದ ಚೌಕಗಳನ್ನು ಎಣಿಸಿ ಒಂದು ಲೆಕ್ಕ ಕಟ್ಟಿದರು. ಸಡಿಲವಾಗಿ ನಿಂತರೆ ಒಬ್ಬನಿಗೆ 10 ಚದರ ಅಡಿ, ಒತ್ತಾಗಿ ನಿಂತರೆ ನಾಲ್ಕೂವರೆ. ಜಾಗ ಅಳೆದು ಭಾಗಿಸಿದರೆ ಮುಗಿಯಿತು. ಇಷ್ಟು ಸುಲಭದ ಲೆಕ್ಕ ಯಾವ ಸಂಘಟಕನಿಗೆ ಬೇಕು? 1995ರಲ್ಲಿ ವಾಷಿಂಗ್ಟನ್‌ನಲ್ಲಿ 'ಹತ್ತು ಲಕ್ಷ ಗಂಡಸರ ನಡಿಗೆ' ಅಂತ ಹೆಸರಿಟ್ಟೇ ಜನ ಸೇರಿಸಿದರು. ಅಲ್ಲಿನ ಉದ್ಯಾನ ಇಲಾಖೆ 4 ಲಕ್ಷ ಅಂತ ಎಣಿಸಿತು. ಹೆಸರಲ್ಲೇ ಹತ್ತು ಲಕ್ಷ ಇರುವಾಗ ನಾಲ್ಕು ಅಂದರೆ ಹೇಗೆ? ಕೋರ್ಟಿಗೆ ಎಳೆಯುತ್ತೇವೆ ಅಂದರು ಸಂಘಟಕರು. ಬಾಸ್ಟನ್ ವಿಶ್ವವಿದ್ಯಾಲಯದವರು ಫೋಟೊ ಇಟ್ಟುಕೊಂಡು 8,37,000 ಅಂದರು, ಶೇ 20ರಷ್ಟು ಆಚೀಚೆ ಇರಬಹುದು ಅಂತ ಸೇರಿಸಿ. ಅಂದರೆ ನಮ್ಮಂಥ ನೂರಾರು ಸಭೆಗಳು ಅವರ ಆಚೀಚೆಯಲ್ಲೇ ಮುಳುಗಿಹೋಗುತ್ತವೆ. ಕೊನೆಗೆ ಅಮೆರಿಕದ ಸಂಸತ್ತು ಆ ಇಲಾಖೆಗೆ ಎಣಿಸುವ ಕೆಲಸವನ್ನೇ ಬಿಡಿಸಿತು.

ನಮ್ಮಲ್ಲಿ ಕಿಟಕಿಯೂ ಬೇಕಿರಲಿಲ್ಲ, ಚೌಕವೂ ಬೇಕಿರಲಿಲ್ಲ. ಬಾಡಿಗೆ ಕುರ್ಚಿಯ ಚೀಟಿಯಲ್ಲಿ 400 ಅಂತ ಸ್ಪಷ್ಟವಾಗಿ ಇತ್ತು. ಪೊಲೀಸರು 200 ಅಂತ ಬರೆದುಕೊಂಡರು. ನಮ್ಮ ಅಧ್ಯಕ್ಷರು ಮೈಕ್ ಹಿಡಿದ ಕೂಡಲೇ "ಇಲ್ಲಿ ನೆರೆದಿರುವ ಐದು ಸಾವಿರಕ್ಕೂ ಮಿಕ್ಕಿದ ಜನಸ್ತೋಮವೇ" ಅಂತ ಶುರುಮಾಡಿದರು. ಜನಸ್ತೋಮ ಹಿಂದೆ ತಿರುಗಿ ನೋಡಿತು, ಉಳಿದವರು ಎಲ್ಲಿದ್ದಾರೆ ಅಂತ.

ಭಾನುವಾರ ಒಂದೇ ಒಂದು ಕ್ಯಾಮೆರಾ ಬಂತು. ಅದೂ ನಮಗೋಸ್ಕರ ಅಲ್ಲ. ಸಚಿವರೊಬ್ಬರ ಕಾರ್ಯಕ್ರಮ ಕೊನೇ ಗಳಿಗೆಯಲ್ಲಿ ರದ್ದಾಗಿ, ಬರಿಗೈಲಿ ವಾಪಸ್ ಹೋಗಲಾರದೆ ದಾರಿಯಲ್ಲಿ ಸಿಕ್ಕ ನಮ್ಮಲ್ಲಿಗೆ ಬಂದಿದ್ದರು. ಬಂದವರಿಗೆ ಹತ್ತು ನಿಮಿಷ ಪುರುಸೊತ್ತು. "ಯಾರಾದ್ರೂ ಬೈಟ್ ಕೊಡೋರು ಕರೀರಿ, ಲೇಡೀಸ್ ಆದ್ರೆ ಒಳ್ಳೇದು, ವಯಸ್ಸಾದವರಾದ್ರೆ ಇನ್ನೂ ಒಳ್ಳೇದು" ಅಂದ ವರದಿಗಾರ.

ಅಜ್ಜಿಯನ್ನು ಕರೆತಂದೆ. ಬೀದಿಯ ಕೊನೆಮನೆಯ ಅಜ್ಜಿ, ಆವತ್ತು ಬೆಳಗ್ಗೆ ನಲ್ಲಿಯಲ್ಲಿ ಹಿಡಿದ ನೀರನ್ನು ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತುಂಬಿಕೊಂಡು ಬಂದಿದ್ದಳು. ಅರ್ಧ ದಿನ ಅಲುಗಾಡದೆ ಇಟ್ಟಿದ್ದರಿಂದ ತಳದಲ್ಲಿ ಎರಡು ಬೆರಳಿನಷ್ಟು ಕಪ್ಪು ಗಸಿ, ಮೇಲೆ ಕಂದು, ಕತ್ತಿನ ಹತ್ತಿರ ಎಣ್ಣೆಯ ಹಾಗೆ ತೆಳುವಾದ ಪೊರೆ. ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ನನ್ನ ಎರಡು ಪುಟದ ಪ್ರೆಸ್ ನೋಟ್ ಹೇಳಲಾರದ್ದನ್ನು ಆ ಬಾಟಲಿ ಹೇಳುತ್ತಿತ್ತು.

"ಅಜ್ಜೀ, ಆ ಬಾಟ್ಲಿ ಸ್ವಲ್ಪ ಕೆಳಗಿಡಿ" ಅಂದ ಕ್ಯಾಮೆರಾಮನ್. "ಲೋಗೋ ಮುಚ್ಚುತ್ತೆ."

ಅಜ್ಜಿ ಕೆಳಗಿಟ್ಟಳು. ಮೈಕಿನ ಮೇಲಿನ ಲೋಗೋ ಈಗ ಸ್ಪಷ್ಟವಾಗಿ ಕಾಣುತ್ತಿತ್ತು.

"ಮೂವತ್ತು ಸೆಕೆಂಡಲ್ಲಿ ಹೇಳಿ ಅಜ್ಜಿ." ಅನ್ಯಾಯ ಅಂತ ನನಗೆ ಆಗ ಅನಿಸಿತ್ತು. ಆಮೇಲೆ ಓದಿದೆ, ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತವರ ಮಾತನ್ನೇ ಟಿವಿ ಸುದ್ದಿಯಲ್ಲಿ 1968ರಲ್ಲಿ ಸರಾಸರಿ 43 ಸೆಕೆಂಡ್ ಬಿಡುತ್ತಿದ್ದವರು 1988ರ ಹೊತ್ತಿಗೆ 9 ಸೆಕೆಂಡಿಗೆ ಇಳಿಸಿದ್ದರಂತೆ. ಹಾಗೆ ನೋಡಿದರೆ ನಮ್ಮ ಅಜ್ಜಿಗೆ ಸಿಕ್ಕಿದ್ದು ಮೂರು ಅಧ್ಯಕ್ಷರ ಪಾಲು.

ಅಜ್ಜಿ ಶುರುಮಾಡಿದಳು. "ನೋಡಪ್ಪಾ, ಮೊಮ್ಮಗೂಗೆ ಎರಡು ಸಲ ವಾಂತಿಭೇದಿ ಆಗಿ..." ಅಷ್ಟರಲ್ಲಿ ಹಿಂದೆ ಇಬ್ಬರು ಹುಡುಗರು ಒಂದು ಕುರ್ಚಿಗೆ ಕೈಹಾಕಿದರು. ಅಜ್ಜಿ ನಿಂತೇ ಇದ್ದಾಳಲ್ಲ, ಕೂರಲು ಕೊಡೋಣ ಅಂತ ಒಬ್ಬ ಈ ಕಡೆಯಿಂದ ಎತ್ತಿದ, ಅದೇ ಉದ್ದೇಶದಿಂದ ಇನ್ನೊಬ್ಬ ಆ ಕಡೆಯಿಂದ ಎಳೆದ. ನಾನು ತರ್ತೀನಿ ಬಿಡೋ, ನೀನು ಬಿಡೋ, ಅಂತ ಮರ್ಯಾದೆಗೇ ಜಗ್ಗಾಡಿದರು. ಕುರ್ಚಿಯ ಕಾಲು ಲಟ್ಟನೆ ಮುರಿಯಿತು.

ಅಜ್ಜಿಯ ವಾಕ್ಯದ ನಡುವೆಯೇ ಕ್ಯಾಮೆರಾ ಆ ಕಡೆ ತಿರುಗಿತು.

ರಾತ್ರಿ ಎಂಟಕ್ಕೆ ನಮ್ಮ ಸಭೆ ಟಿವಿಯಲ್ಲಿ ಬಂತು. 'ಕುರ್ಚಿಗಾಗಿ ಕಿತ್ತಾಟ!' ಹುಡುಗರಿಬ್ಬರ ಸುತ್ತ ಕೆಂಪು ವೃತ್ತ, ಕುರ್ಚಿಯ ಕಡೆಗೆ ಬಾಣದ ಗುರುತು. ಕಾಲು ಮುರಿಯುವ ಕ್ಷಣವನ್ನು ನಿಧಾನಗತಿಯಲ್ಲಿ ಹನ್ನೆರಡು ಸಲ ತೋರಿಸಿದರು, ನಾನು ಎಣಿಸಿದೆ. ಕೆಳಗೆ ಸ್ಕ್ರಾಲ್‌ನಲ್ಲಿ 'ಸಭೆಯಲ್ಲೇ ಭಿನ್ನಮತ ಸ್ಫೋಟ'. ನಾಲ್ಕು ಪೆಟ್ಟಿಗೆಗಳಲ್ಲಿ ನಾಲ್ಕು ಜನ ಚರ್ಚೆಗೆ ಕೂತರು. ಇದರ ಹಿಂದೆ ಕಾಣದ ಕೈ ಇದೆ ಅಂತ ರಾಜಕೀಯ ವಿಶ್ಲೇಷಕರೊಬ್ಬರು ಪತ್ತೆಹಚ್ಚಿದರು. ನನ್ನನ್ನೂ ಫೋನಿನಲ್ಲಿ ಹಿಡಿದರು.

"ನಿಮ್ಮಲ್ಲಿ ಭಿನ್ನಮತ ಇದೆಯೋ ಇಲ್ಲವೋ, ಒಂದೇ ಮಾತಲ್ಲಿ ಹೇಳಿ!"

"ಸರ್, ಅದು ಅಜ್ಜಿಗೆ ಕೂರೋಕೆ... ನಮ್ಮ ವಿಷಯ ನೀರು..."

"ನೋಡಿ ವೀಕ್ಷಕರೇ, ನೇರ ಉತ್ತರ ಕೊಡ್ತಿಲ್ಲ." ಲೈನ್ ಕಟ್ಟಾಯಿತು.

ಮರುದಿನ ನಮ್ಮ ಅಧ್ಯಕ್ಷರು ಮುಖ ಬಾಡಿಸಿಕೊಂಡಿರುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಅರಳಿತ್ತು. "ಅಂತೂ ಬಂತಲ್ಲಯ್ಯಾ!" ಇಪ್ಪತ್ತೆರಡು ನಿಮಿಷ ಬಂತಂತೆ, ಗಡಿಯಾರ ಹಿಡಿದು ನೋಡಿದ್ದರು. ಭಿನ್ನಮತ ಇಲ್ಲ ಎಂದು ಸಾರಲು ಪತ್ರಿಕಾಗೋಷ್ಠಿ ಕರೆಯಬೇಕು ಅಂತ ಒಂದು ಗುಂಪು, ಕರೆದರೆ ಇದೆ ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅಂತ ಇನ್ನೊಂದು ಗುಂಪು. ಕರೆಯುವುದಾದರೆ ನಡುವಿನ ಕುರ್ಚಿಯಲ್ಲಿ ಕೂರುವವರು ಯಾರು ಎಂಬಲ್ಲಿ ಮಾತಿಗೆ ಮಾತು ಬೆಳೆದು ಮೂವರು ರಾಜೀನಾಮೆ ಕೊಟ್ಟರು. ಆ ಪತ್ರಿಕಾಗೋಷ್ಠಿಗೆ ಮಾತ್ರ ಎಲ್ಲ ಚಾನೆಲ್‌ಗಳೂ ಬಂದವು, ಕೂರಲು ಕುರ್ಚಿ ಸಾಲಲಿಲ್ಲ. ಮುರಿದ ಕುರ್ಚಿ ಈಗ ಎಲ್ಲಿದೆ, ಒಂದು ಶಾಟ್ ಸಿಗುತ್ತಾ ಅಂತ ಕೇಳಿದರು. ಬಾಡಿಗೆಯವನು ದಂಡ ವಸೂಲಿ ಮಾಡಿ ವಾಪಸ್ ಒಯ್ದಿದ್ದ.

ಸಂಜೆ ಅಜ್ಜಿ ಸಿಕ್ಕಿದಳು. ಅವಳ ಮನೆಯಲ್ಲಿ ಟಿವಿ ಕೆಟ್ಟಿತ್ತು, ಏನೂ ನೋಡಿರಲಿಲ್ಲ. ಬಾಟಲಿ ಇನ್ನೂ ಜಗುಲಿಯ ಮೇಲೇ ಇತ್ತು, ಗಸಿ ಮೂರು ಬೆರಳಾಗಿತ್ತು.

"ಟೀವೀಲಿ ನೀರಿನ ವಿಷಯ ಬಂತೇನಪ್ಪಾ?"

"ಬಂತಜ್ಜೀ."

"ಚೆನ್ನಾಗಿ ತೋರಿಸಿದ್ರಾ?"

"ಭಾಳ ಚೆನ್ನಾಗಿ. ಗಾಜಿನ ಲೋಟದಲ್ಲಿ, ಫಳಫಳ ಅಂತಿತ್ತು ನೀರು. ಚರ್ಚೆ ಮಧ್ಯೆ ಬ್ರೇಕ್ ಬಿಟ್ಟಾಗಲೆಲ್ಲ ಬಂತು, ವಾಟರ್ ಫಿಲ್ಟರ್ ಜಾಹೀರಾತು."