ವಾಷಿಂಗ್ ಮಷಿನ್ ಹೋಯ್ತು, ಎಲ್ಲಿಗೆ?

ಮ್ಯೂನಿಕ್‌ಗೆ ಬಂದು ನಾಲ್ಕು ವರ್ಷವಾಯಿತು. ಜರ್ಮನ್‌ನಲ್ಲಿ ಮಧ್ಯಮ ಹಂತದ ಬಿ1 ಪರೀಕ್ಷೆಯೂ ಪಾಸಾಗಿದೆ. ಆದರೂ ಮೊನ್ನೆ ಗುರುವಾರ ಒಂದೂವರೆ ಅಕ್ಷರದ ಪದವೊಂದು ನನ್ನ ಮಾನ ಕಳೆಯಿತು. ‘ಹಿನ್’.

ಪುಸ್ತಕದಲ್ಲೇನೋ ಸುಲಭ. ನಮ್ಮಿಂದ ಆಚೆ ಹೋಗುವುದು ‘ಹಿನ್’, ನಮ್ಮ ಕಡೆ ಬರುವುದು ‘ಹೇರ್’. ಎಲ್ಲಿಗೆ ಅನ್ನೋಕೆ ‘ವೋಹಿನ್’, ಎಲ್ಲಿಂದ ಅನ್ನೋಕೆ ‘ವೋಹೇರ್’. ಹೋಗಿಬರುವ ಟಿಕೆಟ್ಟು ‘ಹಿನ್ ಉಂಡ್ ತ್ಸುರುಕ್’. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದವರು ಇದನ್ನೂ ನೆಟ್ಟಗೆ ಹೇಳುವುದಿಲ್ಲ. ಮೇಲಕ್ಕೆ ಹೋದರೆ ‘ಔಫಿ’, ಮೇಲಕ್ಕೆ ಬಂದರೆ ‘ಔಫಾ’. ಕೊನೆಯ ಸ್ವರ ತಪ್ಪಿತೋ, ಮೆಟ್ಟಿಲ ಯಾವ ತುದಿಯಲ್ಲಿದ್ದೀರಿ ಅಂತ ನಿಮಗೇ ಗೊತ್ತಾಗುವುದಿಲ್ಲ.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗೂ ಸೇರಿ ಒಂದು ವಾಷಿಂಗ್ ಮಷಿನ್. ಅಂದು ನನ್ನ ಸರದಿ. ಬಟ್ಟೆ ಹಾಕಿ ಬಂದು, ಗಂಟೆ ಬಿಟ್ಟು ಹೋದರೆ ಮಷಿನ್ ತಣ್ಣಗೆ ನಿಂತಿದೆ. ಬಾಗಿಲು ತೆರೆಯುತ್ತಿಲ್ಲ. ಗಾಜಿನಾಚೆ, ಸೋಪಿನ ನೀರಲ್ಲಿ, ಊರಿಂದ ತಂದ ನನ್ನ ಲುಂಗಿ ತೇಲುತ್ತಿದೆ. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್‌ಗೆ ಫೋನ್ ಮಾಡಿದೆ.

ಬಂದರು. ಬಗ್ಗಿದರು. ಎರಡು ಗುಂಡಿ ಒತ್ತಿದರು. ‘ಡೀ ಇಸ್ಟ್ ಹಿನ್’ ಅಂದರು.

ನಾನು ಮರ್ಯಾದೆಯಿಂದಲೇ ಕೇಳಿದೆ: ‘ವೋಹಿನ್?’

ಅವರು ನನ್ನನ್ನು ನೋಡಿದರು. ಮಷಿನ್ನನ್ನು ನೋಡಿದರು. ಅದು ಅಲ್ಲೇ ಇತ್ತು. ‘ಹಿನ್!’ ಅಂತ ಈ ಸಲ ಜೋರಾಗಿ ಹೇಳಿದರು, ನನಗೆ ಕಿವಿ ಕೇಳಿಸದೇನೋ ಎಂಬಂತೆ. ರಿಪೇರಿಗೆ ಒಯ್ಯುತ್ತಾರೇನೋ ಅಂದುಕೊಂಡು, ‘ಮೊದಲು ನನ್ನ ಬಟ್ಟೆ ತೆಗೆದುಕೊಡಿ, ಆಮೇಲೆ ಕಳಿಸಿ’ ಅಂದೆ. ಆಗ ಆ ಪುಣ್ಯಾತ್ಮ ಎರಡೂ ಕೈ ಎದೆ ಮೇಲೆ ಮಡಚಿ, ಕಣ್ಣು ಮುಚ್ಚಿ, ನಾಲಿಗೆ ಹೊರಹಾಕಿ ನಿಂತುಬಿಟ್ಟರು. ಬುಟ್ಟಿ ಹಿಡಿದು ಇಳಿದು ಬಂದ ಮೇಲಿನ ಮನೆಯ ಅಜ್ಜಿಗೆ ಕಂಡದ್ದು ಅದೇ ದೃಶ್ಯ. ಕೆಟ್ಟುಹೋದರೂ ಸತ್ತರೂ ಜರ್ಮನ್‌ನಲ್ಲಿ ‘ಹಿನ್’ ಅಂತೆ. ಕೊನೆಗೆ ಕೆಳಗಿನ ಮುಚ್ಚಳ ತೆಗೆದು, ನೀರು ಬಸಿದು, ಲುಂಗಿ ಬಿಡಿಸಿಕೊಟ್ಟರು.

ನಿಜವಾದ ಸಿಟ್ಟು ಬಂದದ್ದು ರಾತ್ರಿ. ಲುಂಗಿ ಹಿಂಡುತ್ತಾ ಊರಿಗೆ ಫೋನ್ ಮಾಡಿದರೆ ಅಮ್ಮ, ‘ಮಿಕ್ಸಿ ಹೋಯ್ತು ಕಣೋ’ ಅಂದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ! ಬಲ್ಬು ಹೋಗುತ್ತದೆ, ಕರೆಂಟು ಹೋಗುತ್ತದೆ. ಹುಟ್ಟಿದಾಗಿನಿಂದ ಹೀಗೇ ಮಾತಾಡಿದವನಿಗೆ ಅದು ಅಲ್ಲೇ ಹೊಳೆಯಬಾರದಿತ್ತಾ?

ಫೋನ್ ಇಡುವ ಮೊದಲು ಅಮ್ಮ ಸ್ವಲ್ಪ ತಡೆದು, ‘ಪಕ್ಕದ್ಮನೆ ಅಜ್ಜಿನೂ ಹೋದ್ರು ಕಣೋ, ಸೋಮವಾರ’ ಅಂದಳು. ಆಗಲೂ ಕೇಳಲಿಲ್ಲ.

ಬೆಳಿಗ್ಗೆ ನೋಡಿದರೆ ಮಷಿನ್ ಮೇಲೆ ಹೌಸ್‌ಮೈಸ್ಟರ್ ಚೀಟಿ ಅಂಟಿಸಿದ್ದರು: ‘ಡಿಫೆಕ್ಟ್’. ಅದನ್ನೇ ಮೊದಲು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತೋ!