ಓಎಂಜಿ ಹುಟ್ಟಿದ್ದು ಮೊಬೈಲ್‌ನಿಂದಲ್ಲ

"ಓಎಂಜಿ (ಓ ಮೈ ಗಾಡ್) ತರದ ಮೊಟಕು ಬರಹ ಶುರುವಾಗಿದ್ದೇ ಮೊಬೈಲ್‌ನಿಂದ, ಈಗ ಫೋನೇ ಪದ ಊಹಿಸಿ ಕೊಡುವಾಗಲೂ ಹಾಗೆ ಬರೆಯೋದು ಬರೀ ಸೋಮಾರಿತನ" ಅನ್ನೋ ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು. ಬ್ರಿಟನ್ನಿನ ಅಡ್ಮಿರಲ್ ಜಾನ್ ಫಿಶರ್ 1917ರಲ್ಲೇ ಚರ್ಚಿಲ್‌ಗೆ ಬರೆದ ಪತ್ರದಲ್ಲಿ ಓಎಂಜಿ ಇದೆ, ಪಕ್ಕದಲ್ಲೇ ಅರ್ಥವನ್ನೂ ಬರೆದಿದ್ದಾರೆ. ಎಸ್ಸೆಮ್ಮೆಸ್‌ಗೆ ಇಂಗ್ಲಿಷ್‌ನಲ್ಲಿ 160 ಅಕ್ಷರದ ಮಿತಿ, ಕನ್ನಡ ಲಿಪಿಯಲ್ಲಿ 70 ಅಷ್ಟೇ. ಅದರಲ್ಲೂ ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಲೆಕ್ಕ, "ಬರ್ತೀನಿ" ಅನ್ನೋಕೇ 7 ಖರ್ಚು! ಮೊಟಕು ಮಾಡದೆ ಇನ್ನೇನು ಮಾಡೋದು, ಅಲ್ವಾ? ಇನ್ನು ಊಹೆಯ ವಿಷಯ. ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಕನ್ನಡ ಹೊಡೆದರೆ ಎಷ್ಟೋ ಸಲ ಅದನ್ನು ತಿದ್ದಿ ಬೇರೇನೋ ಪದ ತಂದಿಡುತ್ತದೆ. ಸಲಹೆ ಓದಿ ಆರಿಸುವಷ್ಟರಲ್ಲಿ ಎರಡಕ್ಷರ ಹೊಡೆದೇ ಆಗಿರುತ್ತದೆ. ದಯವಿಟ್ಟು ಆ ಮೆಸೇಜ್ ಮುಂದಕ್ಕೆ ಕಳಿಸಬೇಡಿ.